ಏಳು ವರ್ಷಕ್ಕೊಮ್ಮೆ ನಾವು ಬೇರೆಯವರಾಗುತ್ತೇವೆಯೇ?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: ‘ಏಳು ವರ್ಷಕ್ಕೊಮ್ಮೆ ಮೈಯ ಎಲ್ಲ ಜೀವಕೋಶಗಳೂ ಬದಲಾಗುತ್ತವಂತೆ. ಹಾಗಾದರೆ ಇಪ್ಪತ್ತು ವರ್ಷದ ಹಿಂದೆ ಗೆಳೆಯನ ಸಾಲಕ್ಕೆ ಜಾಮೀನು ಸಹಿ ಹಾಕಿದವನು ಈಗಿನ ನಾನೇ ಎನ್ನುವುದು ಹೇಗೆ?’

ಸಂಪಾದಕರ ಉತ್ತರ: ಮೊದಲಿಗೆ, ಆ ಏಳು ವರ್ಷದ ಲೆಕ್ಕವೇ ತಪ್ಪು. ಕರುಳಿನ ಒಳಪದರದ ಕೋಶಗಳು ಬಾಳುವುದು ಮೂರರಿಂದ ಐದು ದಿನ, ಕೆಂಪು ರಕ್ತಕಣಗಳು ಸುಮಾರು 120 ದಿನ. ಹೃದಯದ ಸ್ನಾಯುಕೋಶಗಳಲ್ಲಿ 25ರ ವಯಸ್ಸಿಗೆ ವರ್ಷಕ್ಕೆ ಶೇ. 1ರಷ್ಟು ಹೊಸದಾದರೆ, 75ರ ಹೊತ್ತಿಗೆ ಅದರ ಅರ್ಧವೂ ಇಲ್ಲ. ಮಿದುಳಿನ ಹೊರಪದರದ ನರಕೋಶಗಳಂತೂ ಬಹುಮಟ್ಟಿಗೆ ಹುಟ್ಟಿನಿಂದ ಬಂದವೇ. ಇದನ್ನು ಅಳೆಯುವ ದಾರಿ ಸಿಕ್ಕಿದ್ದು ಅಣುಬಾಂಬ್ ಪರೀಕ್ಷೆಗಳಿಂದ. ಆ ಸ್ಫೋಟಗಳಿಂದ ಗಾಳಿಯಲ್ಲಿ ಏರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ, 1963ರ ನಿಷೇಧ ಒಪ್ಪಂದದ ನಂತರ ವರ್ಷವರ್ಷವೂ ಇಳಿಯುತ್ತ ಬಂತು. ಕೋಶ ಹುಟ್ಟಿದಾಗ ಗಾಳಿಯಲ್ಲಿ ಎಷ್ಟಿತ್ತೋ ಅದೇ ಪ್ರಮಾಣ ಅದರ ಡಿಎನ್‌ಎಯಲ್ಲಿ ಉಳಿದುಕೊಳ್ಳುತ್ತದೆ. ಸ್ವೀಡನ್ನಿನ ಯೋನಾಸ್ ಫ್ರಿಸೇನ್ ಅವರ ತಂಡ 2005ರಲ್ಲಿ ಈ ವಿಧಾನದಿಂದ ಕೋಶಗಳ ವಯಸ್ಸು ಹೇಳಿತು.

ಆದರೆ ‘ಮಿದುಳು ಹಳೆಯದೇ, ಆದ್ದರಿಂದ ನಾನೂ ಅವನೇ’ ಎಂದು ಮುಗಿಸಿಬಿಡಲು ಬರುವುದಿಲ್ಲ. ನರಕೋಶ ಉಳಿದರೂ ಅದರೊಳಗಿನ ಪ್ರೋಟೀನುಗಳು ಬಹುತೇಕ ಬದಲಾಗುತ್ತಲೇ ಇರುತ್ತವೆ.

ನೆನಪನ್ನು ಆಧಾರ ಮಾಡಿಕೊಳ್ಳೋಣವೇ? ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ಹಾಗೇ ಮಾಡಿದರು: ಅಂದು ಮಾಡಿದ್ದು ಇಂದು ನೆನಪಿದ್ದರೆ ನಾನು ಅವನೇ. 1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಅದರ ತೊಡಕು ತೋರಿಸಿದರು. ತೋಟದಲ್ಲಿ ಕದ್ದು ಏಟು ತಿಂದ ಹುಡುಗ ದೊಡ್ಡವನಾಗಿ ಸೇನಾಧಿಕಾರಿಯಾಗಿ ಶತ್ರುವಿನ ಧ್ವಜ ಕಸಿಯುತ್ತಾನೆ, ಕೊನೆಗೆ ಜನರಲ್ ಆಗುತ್ತಾನೆ. ಅಧಿಕಾರಿಗೆ ಏಟು ನೆನಪಿದೆ, ಜನರಲ್‌ಗೆ ಧ್ವಜ ನೆನಪಿದೆ, ಏಟು ಮರೆತಿದೆ. ಲಾಕ್ ಪ್ರಕಾರ ಹುಡುಗನೇ ಅಧಿಕಾರಿ, ಅಧಿಕಾರಿಯೇ ಜನರಲ್. ಹುಡುಗ ಮಾತ್ರ ಜನರಲ್ ಅಲ್ಲ! ಆದ್ದರಿಂದ ನೇರ ನೆನಪು ಸಾಲದು, ಒಂದಕ್ಕೊಂದು ಕೊಂಡಿಯಾಗಿ ಬಂದ ಸರಪಳಿ ಬೇಕು. ಸಹಿ ಮಾಡಿದ್ದು ನಿಮಗೆ ಮರೆತೇಹೋಗಿದ್ದರೂ ಆ ಸರಪಳಿ ಕಡಿಯುವುದಿಲ್ಲ.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಉತ್ತರವಿರುವುದು ಪಾಲಿ ಭಾಷೆಯ ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ. ಮಾವಿನಹಣ್ಣಿನ ಕಳ್ಳ ವಾದಿಸುತ್ತಾನೆ: ‘ಮರದ ಒಡೆಯ ನೆಟ್ಟ ಮಾವು ಬೇರೆ, ನಾನು ಕಿತ್ತದ್ದು ಬೇರೆ.’ ಆದರೂ ಅವನು ತಪ್ಪಿತಸ್ಥನೇ, ಏಕೆಂದರೆ ಈ ಹಣ್ಣು ಬಂದದ್ದು ಆ ಮಾವಿನಿಂದಲೇ ಎನ್ನುತ್ತಾನೆ ಅದರಲ್ಲಿ ಬರುವ ಭಿಕ್ಷು ನಾಗಸೇನ. ಶಾಶ್ವತವಾದ ‘ನಾನು’ ಇಲ್ಲವೆನ್ನುವ ಬೌದ್ಧರೂ ನಿಮ್ಮನ್ನು ಜಾಮೀನಿನಿಂದ ಬಿಡಿಸುವುದಿಲ್ಲ.

ಒಂದರಿಂದೊಂದು ಹುಟ್ಟುತ್ತ ಹರಿಯುವ ಪ್ರವಾಹವೇ ‘ನಾನು’ ಎಂಬ ಬೌದ್ಧರ ಈ ವಿವರಣೆ ಶಂಕರರಿಗೆ ಒಪ್ಪಿಗೆಯಾಗಲಿಲ್ಲ. ಬ್ರಹ್ಮಸೂತ್ರದ ‘ಅನುಸ್ಮೃತೇಶ್ಚ’ (ನೆನಪಿರುವುದರಿಂದಲೂ) ಎಂಬ ಸೂತ್ರದ ಭಾಷ್ಯದಲ್ಲಿ ಅವರು ಹಿಡಿದ ಪಟ್ಟು ಇದು: ಅಂದು ಕಂಡವನೇ ಇಂದು ನೆನೆಯಬೇಕು, ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ. ಪ್ರವಾಹವಾದಿಗಳು ಇದಕ್ಕೆ ಕೊಟ್ಟ ಯಾವ ಸಮಾಧಾನವೂ ನಮಗೆ ಪೂರ್ತಿ ಸಾಕೆನಿಸಿಲ್ಲ.