ಫೋನಿಗೆ ಹುಳುವಿನ ಮನೆ ಗೊತ್ತಿಲ್ಲ

ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರಿಂದ ಅಕ್ಕ ಒಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು:

"ನನ್ನ ಸೊಸೆಗೆ ಆರು ತಿಂಗಳು ತುಂಬುತ್ತಾ ಬಂತು. ಮೊದಲನೇ ಬಸುರಿ. ಫೋನಿನಲ್ಲಿ ಯಾವುದೋ ಆ್ಯಪ್ ಹಾಕಿಕೊಂಡಿದ್ದಾಳೆ. ಉಣ್ಣೋಕೆ ಮುಂಚೆ ಅದನ್ನ ಕೇಳ್ತಾಳೆ, ಮಲಗೋಕೆ ಮುಂಚೆ ಅದನ್ನ ಕೇಳ್ತಾಳೆ. ಪರಂಗಿ ಹಣ್ಣು ಬೇಡ ಕಣಮ್ಮ ಅಂದ್ರೆ, ಫೋನು ತಿನ್ನಬಹುದು ಅಂತ ಹೇಳಿದೆ ಅಂತಾಳೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ನೋಡ್ಕೊಂಡು ಅಳ್ತಾ ಕೂತಿದ್ಲು. ಮೂರು ಹೆತ್ತಿದ್ದೀನಿ ನಾನು, ಯಾವ ಫೋನೂ ಇರಲಿಲ್ಲ. ಇಂಥ ಆ್ಯಪ್‌ಗಳು ಬೇಡ ಅಂತ ನಿಮ್ಮ ಪತ್ರಿಕೆಯಲ್ಲಿ ಬರೀರಿ."

ಅಕ್ಕಾ, ಪರಂಗಿ ಹಣ್ಣಿನವರೆಗೆ ನಗುತ್ತಾ ಓದಿದೆ. ರಾತ್ರಿ ಎರಡು ಗಂಟೆಯ ಸಾಲು ಬಂದಾಗ ನಗು ನಿಂತಿತು.

ನೀವು ಕೇಳಿದ ಹಾಗೆ "ಬೇಡ" ಅಂತ ಬರೆಯುವ ಮುಂಚೆ ಬಸುರಿಯರನ್ನೇ ಒಂದು ಮಾತು ಕೇಳೋಣ ಅನ್ನಿಸಿತು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ನಿಮಗೂ ಗೊತ್ತಿರುತ್ತದೆ. 2016ರಲ್ಲಿ ಶುರುವಾದ ಸುರಕ್ಷಿತ ಮಾತೃತ್ವ ಅಭಿಯಾನ ಅದು. ನಮ್ಮ ಕಡೆಯ ಒಂದು ಆಸ್ಪತ್ರೆಗೆ ಅವತ್ತು ಹೋಗಿ, ಸಾಲಿನಲ್ಲಿ ಕೂತಿದ್ದವರ ಪಕ್ಕದಲ್ಲೇ ನಾನೂ ಕೂತೆ. ಎಲ್ಲರ ಕೈಯಲ್ಲೂ ತಾಯಿ ಕಾರ್ಡ್, ಸುಮಾರು ಜನರ ಕೈಯಲ್ಲಿ ಫೋನು.

ಮೊದಲು ಬಾಯಿಬಿಟ್ಟವಳು ಎರಡನೇ ಬಸುರಿಯ ಹುಡುಗಿ. ಮೊದಲನೇ ಸಲ ರಕ್ತದ ಮಾತ್ರೆ ನುಂಗಿದಾಗ ಅವಳಿಗೆ ಮಲ ಕಪ್ಪಗೆ ಹೋಗಿತ್ತಂತೆ. ಹೆದರಿ, ಯಾರಿಗೂ ಹೇಳದೆ, ಮಾತ್ರೆಗಳನ್ನು ದನದ ಕೊಟ್ಟಿಗೆ ಹಿಂದೆ ಎಸೆದಳಂತೆ. ಈ ಸಲ ಆ್ಯಪ್‌ನಲ್ಲಿ ಓದಿದಳು: ಕಬ್ಬಿಣದ ಮಾತ್ರೆಗೆ ಮಲ ಕಪ್ಪಗಾಗುವುದು ಮಾಮೂಲು. ಕಾಫಿ ಟೀ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗಬೇಡಿ, ಬೇರೆ ಹೊತ್ತಿನಲ್ಲಿ ತಗೊಳ್ಳಿ. ಈಗ ಒಂದು ದಿನವೂ ತಪ್ಪಿಸಿಲ್ಲ. "ನರ್ಸಮ್ಮನ್ನ ಯಾಕೆ ಕೇಳಲಿಲ್ಲ?" ಅಂದೆ. "ಅಷ್ಟು ಜನರ ಮುಂದೆ ಅದನ್ನೆಲ್ಲ ಹೆಂಗೆ ಕೇಳೋದು ಮೇಡಂ" ಅಂದಳು.

ಅವತ್ತು ಹೆಚ್ಚು ಕೇಳಿದ ಮಾತು ಇದೇ. ಬಿಳುಪು ಹೋಗುವುದು, ಮಲಬದ್ಧತೆ, ಗಂಡನ ಜೊತೆ ಮಲಗಬಹುದಾ ಎನ್ನುವುದು. ಇವನ್ನೆಲ್ಲ ಡಾಕ್ಟರಮ್ಮನ ಮುಂದೆ ಕೇಳಲು ಬಾಯಿ ಬರುವುದಿಲ್ಲ. ಡಾಕ್ಟರಮ್ಮನಿಗೂ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಅತ್ತೆಯ ಹತ್ತಿರ ಕೇಳಲು ನಾಚಿಕೆ. ಫೋನಿಗೆ ನಾಚಿಕೆ ಇಲ್ಲ. ನೀವು ಮೂರು ಹೆತ್ತಾಗ ಇಂಥದ್ದನ್ನು ಯಾರನ್ನು ಕೇಳುತ್ತಿದ್ದಿರಿ ಅಕ್ಕಾ? ತವರಿಗೆ ಹೋದಾಗ ಅಕ್ಕನನ್ನೋ ಅತ್ತಿಗೆಯನ್ನೋ ಕೇಳಿರಬೇಕು. ನಿಮ್ಮ ಸೊಸೆಗೆ ಆ ಜಾಗದಲ್ಲಿ ಈಗ ಫೋನು ಇದೆ.

ಹಾಗಂತ ಫೋನಿನ ಮೇಲೆ ಅವರಿಗೆ ಕುರುಡು ನಂಬಿಕೆ ಇದೆ ಅಂದುಕೊಳ್ಳಬೇಡಿ. ಬೈದದ್ದೂ ಜಾಸ್ತಿಯೇ ಇತ್ತು. "ಈ ವಾರ ನಿಮ್ಮ ಮಗು ಬ್ಲೂಬೆರಿಯಷ್ಟು ಇದೆ ಅಂತ ಬರುತ್ತೆ. ಅದು ನೇರಳೆ ಹಣ್ಣಾ, ಕಾರೆ ಹಣ್ಣಾ?" ಅಂತ ಒಬ್ಬಳು ಕೇಳಿದಾಗ ಸಾಲೆಲ್ಲ ನಕ್ಕಿತು. ಊಟದ ಪಟ್ಟಿಯಲ್ಲಿ ಓಟ್ಸ್ ಇದೆ, ಬೆಣ್ಣೆಹಣ್ಣು ಇದೆ, ಮುದ್ದೆ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಮುದ್ದೆ, ಮಸೊಪ್ಪು, ಅವರೆಕಾಳು ಉಣ್ಣುವ ಹುಡುಗಿ ಆ ಪಟ್ಟಿ ನೋಡಿ ತನ್ನ ಊಟವೇ ಸರಿಯಿಲ್ಲ ಅಂತ ಕೊರಗುತ್ತಾಳೆ. ನನಗೆ ಸಿಟ್ಟು ಬಂದದ್ದು ಇಲ್ಲಿ. ಭಾಷೆ ಮಾತ್ರ ಕನ್ನಡಕ್ಕೆ ತಿರುಗಿಸಿದರೆ ಸಾಕೇ, ತಟ್ಟೆ ಯಾವ ಊರಿನದು ಅಂತ ನೋಡಬೇಡವೇ? ಆ ಕನ್ನಡವೂ ಓದುವ ಹಾಗಿಲ್ಲ ಬಿಡಿ. ನಿಮ್ಮ ತಾಲ್ಲೂಕಿನಲ್ಲಿ, ಬಾಗೇಪಲ್ಲಿಯಲ್ಲಿ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಓದುವುದಕ್ಕಿಂತ ಯಾರಾದರೂ ಹೇಳಿದರೆ ಕೇಳುವುದೇ ಸುಲಭ ಅಂದರು. 2016ರಲ್ಲಿ ಕೇಂದ್ರ ಸರ್ಕಾರ ಕಿಲ್ಕಾರಿ ಅಂತ ಒಂದು ಸೇವೆ ತಂದಿತು. ಅದು ಆ್ಯಪ್ ಅಲ್ಲ, ವಾರಕ್ಕೊಂದು ಫೋನ್ ಕರೆ. ಬಸುರಿಯ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ಧ್ವನಿಯಲ್ಲೇ ಹೇಳುತ್ತದೆ. ಯೋಚನೆ ಒಳ್ಳೆಯದೇ. ಆದರೆ ಇಂಥ ಕರೆ ನಮ್ಮ ಕಡೆಗೆ ಬಂದರೂ, ಆಸ್ಪತ್ರೆಯಲ್ಲಿ ಬರೆಸಿದ ನಂಬರ್ ಗಂಡನದ್ದಾಗಿದ್ದರೆ, ಕರೆ ಬರುವ ಹೊತ್ತಿಗೆ ಅವನು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿರುತ್ತಾನೆ.

ಈಗ ಆ ರಾತ್ರಿಯ ವಿಷಯ. ಯಾಕೆ ಅತ್ತಳೋ ಅವಳನ್ನೇ ಕೇಳಬೇಕು. ನನ್ನ ಊಹೆ ಹೇಳುತ್ತೇನೆ, ಯಾಕಂದರೆ ಸಾಲಿನಲ್ಲಿದ್ದ ಇನ್ನೊಬ್ಬಳು ಇದೇ ಕಥೆ ಹೇಳಿದಳು. ಎರಡು ಗಂಟೆಯಲ್ಲಿ ಮಗು 10 ಸಲ ಅಲುಗಬೇಕು ಅಂತ ಆ್ಯಪ್‌ನಲ್ಲಿ ಓದಿ, ರಾತ್ರಿ ಎಣಿಸುತ್ತಾ ಕೂತಳಂತೆ. ನಾಲ್ಕು ಬಂತು, ಆಮೇಲೆ ಇಲ್ಲ. ಆ ಲೆಕ್ಕ ಸಾಮಾನ್ಯವಾಗಿ 28ನೇ ವಾರದ ಮೇಲಿನದು. ಅವಳಿಗೆ ಆಗಿದ್ದದ್ದು 23. ಮುಂದಿನ ಪುಟ ಮೊದಲೇ ಓದಿಬಿಟ್ಟಿದ್ದಳು. ಮೊದಲ ಬಸುರಿಯಲ್ಲಿ ಅಲುಗಾಟ ಗೊತ್ತಾಗುವುದೇ 20ನೇ ವಾರದ ಆಸುಪಾಸಿಗೆ. ಹೊಟ್ಟೆಯೊಳಗೆ ಮಗು ನಿದ್ದೆಯನ್ನೂ ಮಾಡುತ್ತದೆ. ಆದರೆ 24 ವಾರ ಆದರೂ ಒಂದು ಸಲವೂ ಅಲುಗಾಟ ಗೊತ್ತಾಗಿಲ್ಲ ಅಂದರೆ, ಅಥವಾ ಚೆನ್ನಾಗಿ ಆಡುತ್ತಿದ್ದ ಮಗು ಸುಮ್ಮನಾಯಿತು ಅಂದರೆ, ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಹೆರಿಗೆ ತಾರೀಖಿನ ಜಗಳ ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಬಂದೇ ಬರುತ್ತದೆ. ಆ್ಯಪ್ ಒಂದು ದಿನ ಹೇಳುತ್ತದೆ, ತಾಯಿ ಕಾರ್ಡ್ ಇನ್ನೊಂದು, ಸ್ಕ್ಯಾನಿಂಗ್ ಮತ್ತೊಂದು. ಆ್ಯಪ್ ಮಾಡುವುದು ಇಷ್ಟೇ: ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ 9 ತಿಂಗಳು 7 ದಿನ ಕೂಡಿಸುತ್ತದೆ. ಹತ್ತಿರ ಹತ್ತಿರ 280 ದಿನ. ಜರ್ಮನಿಯ ನೇಗೆಲೆ ಎಂಬ ವೈದ್ಯರ ಹೆಸರಿನಲ್ಲಿರುವ, ಇನ್ನೂರು ವರ್ಷದ ಹಳೆಯ ಲೆಕ್ಕ. ನಮ್ಮ ಅಜ್ಜಿಯರು "ಒಂಬತ್ತು ತಿಂಗಳು ಒಂಬತ್ತು ದಿನ" ಅನ್ನುತ್ತಿರಲಿಲ್ಲವೇ? ಎರಡು ದಿನದ ವ್ಯತ್ಯಾಸ ಅಷ್ಟೇ! ಮುಟ್ಟು 28 ದಿನಕ್ಕೆ ಸರಿಯಾಗಿ ಬರದವರಿಗೆ ಈ ಲೆಕ್ಕ ತಪ್ಪುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಹೆಚ್ಚು ನಂಬಿಕೆಯದು. ಅದನ್ನು ಹಿಡಿದುಕೊಳ್ಳಿ. ಅದೂ ಅಂದಾಜೇ. ಹೇಳಿದ ದಿನಕ್ಕೇ ಸರಿಯಾಗಿ ಹೆರುವವರು ನೂರಕ್ಕೆ ನಾಲ್ಕೈದು ಜನ.

ಫೋನನ್ನು ನಂಬಲೇಬಾರದ ಜಾಗಗಳೂ ಇವೆ. ಬರೀ ಫೋನನ್ನು ಹೊಟ್ಟೆ ಮೇಲಿಟ್ಟು ಮಗುವಿನ ಎದೆಬಡಿತ ಕೇಳಿಸುತ್ತೇನೆ ಅನ್ನುವುದು, ಬೆರಳಿಟ್ಟರೆ ಬಿಪಿ ಹೇಳುತ್ತೇನೆ ಅನ್ನುವುದು, ಇವೆಲ್ಲ ಬೇಡ. ಬಿಪಿಗೆ ತೋಳಿಗೆ ಪಟ್ಟಿ ಕಟ್ಟಲೇಬೇಕು. 140/90 ಮುಟ್ಟಿದರೆ ಡಾಕ್ಟರಿಗೆ ತಕ್ಷಣ ಗೊತ್ತಾಗಬೇಕು. ರಕ್ತ ಹೋಯಿತು, ನೀರು ಹೋಯಿತು, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ, ಮುಖ ಕೈ ಊದಿಕೊಂಡಿದೆ, ಫಿಟ್ಸ್ ಬಂತು ಅಂದರೆ ಆ್ಯಪ್ ತೆರೆಯುವ ಹೊತ್ತಲ್ಲ, 108ಕ್ಕೆ ಫೋನ್ ಮಾಡುವ ಹೊತ್ತು. ಗಂಡೋ ಹೆಣ್ಣೋ ಹೇಳುವ ಆಟವೂ ಕೆಲವು ಆ್ಯಪ್‌ಗಳಲ್ಲಿ ಇದೆ. ಅದು ಗಿಳಿಶಾಸ್ತ್ರ. ನಿಜವಾಗಿ ಪತ್ತೆ ಮಾಡಿ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ಮನೆಯಲ್ಲಿ ಯಾರೂ ಆ ಪುಟ ತೆರೆಯದ ಹಾಗೆ ನೀವೇ ನೋಡಿಕೊಳ್ಳಿ.

ಇನ್ನೊಂದು ಮಾತು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಸಾಲಿನ ಕೊನೆಯಲ್ಲಿದ್ದ ಹೆಂಗಸು ಹೋದ ವರ್ಷ ನಾಲ್ಕನೇ ತಿಂಗಳಲ್ಲಿ ಮಗು ಕಳೆದುಕೊಂಡಿದ್ದಳು. ಆ್ಯಪ್‌ಗೆ ಅದು ಹೇಗೆ ಗೊತ್ತಾಗಬೇಕು? ಪ್ರತಿ ಸೋಮವಾರ "ನಿಮ್ಮ ಮಗು ಈ ವಾರ ಇಷ್ಟುದ್ದ ಬೆಳೆದಿದೆ" ಅಂತ ಬರುತ್ತಲೇ ಇತ್ತಂತೆ. ಜೊತೆಗೆ ಡೈಪರ್ ಜಾಹೀರಾತು. ಕೊನೆಗೆ ನಾದಿನಿ ಅದನ್ನು ತೆಗೆದುಹಾಕಿದಳು. ಈ ಸಲ ಅವಳು ಯಾವ ಆ್ಯಪ್ ಕೂಡ ಹಾಕಿಕೊಂಡಿಲ್ಲ. ನಾವು ಬರೆದುಕೊಡುವ ಮುಟ್ಟಿನ ತಾರೀಖು, ಬಸುರಿನ ಸುದ್ದಿ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಸಣ್ಣ ಪ್ರಶ್ನೆಯಲ್ಲ. ಫ್ಲೋ ಎಂಬ ಹೆಸರಾದ ಆ್ಯಪ್ ಇಂಥ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗಳಿಗೆ ಕೊಟ್ಟಿತು ಎಂಬ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗದ ಜೊತೆ 2021ರಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ಹೆಸರು, ಊರು, ಫೋಟೋ ಕೇಳಿದರೆ ಕೊಡಬೇಡ ಅಂತ ಸೊಸೆಗೆ ಹೇಳಿ.

ಇಷ್ಟೆಲ್ಲ ಫೋನಿನ ಮಾತಾಯಿತು. ಈಗ ನಿಮ್ಮ ಮಾತು. ನಿಮ್ಮದು ರೇಷ್ಮೆ ಹುಳು ಸಾಕುವ ಮನೆ ಅಂತ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ. ಆ್ಯಪ್ ನಿಮ್ಮ ಸೊಸೆಗೆ "ದಿನಾ ಅರ್ಧ ಗಂಟೆ ನಡೆಯಿರಿ" ಅನ್ನುತ್ತದೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಹುಳು ಹೇಗೆ ಮೇಯುತ್ತದೆ, ಹಗಲು ರಾತ್ರಿ ಎಷ್ಟು ಸಲ ಸೊಪ್ಪು ಹೊರಬೇಕು ಅಂತ ಅದಕ್ಕೇನು ಗೊತ್ತು? ಬೆಳೆ ಮುಗಿದ ಮೇಲೆ ಹುಳುವಿನ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುತ್ತೀರಲ್ಲ, ಅವತ್ತು ಅವಳು ಆ ಕಡೆ ಸುಳಿಯಬಾರದು. ವಾಸನೆ ಪೂರ್ತಿ ಹೋಗುವವರೆಗೆ ಒಳಗೆ ಕಾಲಿಡಬಾರದು. ಇದನ್ನು ಅವಳಿಗೆ ಹೇಳಬೇಕಾದವರು ನೀವು. ಹಾಗೆಯೇ ನೀರು. "ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ" ಅನ್ನುತ್ತದೆ ಫೋನು. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಿ, ಅವಳು ಕುಡಿಯುವುದಕ್ಕೂ ಅಡುಗೆಗೂ ಅದನ್ನೇ ಬಳಸಿ. ಆ ಕ್ಯಾನ್ ಅವಳ ಕೈಲಿ ಹೊರಿಸಬೇಡಿ.

ಬರುವ 9ನೇ ತಾರೀಖು ನೀವೂ ಜೊತೆಗೆ ಹೋಗಿ. ಫೋನಿನಲ್ಲಿ ಓದಿ ಬಂದ ಅನುಮಾನಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲು ಹೇಳಿ. ಅವಳಿಗೆ ನಾಚಿಕೆಯಾದರೆ ಚೀಟಿಯನ್ನೇ ನರ್ಸಮ್ಮನ ಕೈಗೆ ಕೊಡಲಿ. ಆಶಾ ಅಕ್ಕ ಮನೆಗೆ ಬಂದಾಗಲೂ ಅಷ್ಟೇ. ಆ ಹೊತ್ತು ನೀವು ಕೊಟ್ಟಿಗೆ ಕಡೆ ಹೋಗಿ ಬನ್ನಿ, ಅವರಿಬ್ಬರೇ ಮಾತಾಡಿಕೊಳ್ಳಲಿ.

ಪರಂಗಿಯ ತೀರ್ಪು ಬಾಕಿ ಇದೆ. ಕಾಯಿಯಲ್ಲಿರುವ ಹಾಲು ಗರ್ಭಕೋಶ ಹಿಂಡುವಂತೆ ಮಾಡಬಹುದು ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಕಾಯಿ, ಅರೆಗಾಯಿ ಬೇಡ. ಅಲ್ಲಿ ನೀವು ಗೆದ್ದಿರಿ. ಪೂರ್ತಿ ಹಣ್ಣಾದದ್ದು ಒಂದೆರಡು ಹೋಳು ತಿಂದರೆ ತೊಂದರೆಯಿಲ್ಲ. ಅಲ್ಲಿ ಫೋನು ಗೆದ್ದಿತು. ಹೆಚ್ಚಿ ನೀವೇ ಕೊಡಿ.

ಮತ್ತೆ ಅಕ್ಕಾ, ನಿಮ್ಮ ಸೊಸೆಗೂ ನಮಗೊಂದು ಪತ್ರ ಬರೆಯಲು ಹೇಳಿ. ಅವಳು ಯಾಕೆ ಅತ್ತಳು ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಬರೀ ಊಹೆ.