ಹಾಳೆಯಲ್ಲಿರುವ 124, 133: ಯಾವುದು ನಿಜ?

ನಿಮ್ಮ ತಂದೆಯವರ ಹಿಯರಿಂಗ್ ಏಡ್ ಜೊತೆ ಬಂದ ಹಾಳೆಯಲ್ಲಿ ಒಎಸ್‌ಪಿಎಲ್ 90, ಅಂದರೆ ಮೆಷಿನ್ ಹೊರಗೆ ಬಿಡಬಲ್ಲ ಅತಿ ಜೋರು ಸದ್ದು, ಅದರ ಎದುರಿಗೆ 124, 133 ಡೆಸಿಬಲ್ ಅಂತ ಎರಡು ಅಂಕಿ ಇವೆ, ಯಾವುದು ನಿಜ, ಜಾಸ್ತಿ ಇದ್ದಷ್ಟೂ ಒಳ್ಳೆಯದಾ ಅಂತ ಕೇಳಿದ್ದೀರಿ. ನಾನು ಆಡಿಯಾಲಜಿಸ್ಟ್. ಈ ಮೆಷಿನ್‌ಗಳನ್ನು ಅಳೆಯುವುದು ನನ್ನ ದಿನನಿತ್ಯದ ಕೆಲಸ. ಎರಡೂ ಅಂಕಿ ನಿಜ. ಆದರೆ ಎರಡೂ ನಿಮ್ಮ ತಂದೆಯವರ ಕಿವಿಯಲ್ಲಿ ಅಳೆದದ್ದಲ್ಲ.

ಅಳೆಯುವುದು ಟೆಸ್ಟ್ ಬಾಕ್ಸ್‌ನಲ್ಲಿ. ಮುಚ್ಚಳ ಇರುವ ಪೆಟ್ಟಿಗೆ, ಒಳಗೆಲ್ಲ ಸ್ಪಂಜು, ಒಂದು ಸ್ಪೀಕರ್. ಮೆಷಿನ್‌ನಿಂದ ಸದ್ದು ಹೊರಗೆ ಬರುವ ತುದಿಯನ್ನು ಕಪ್ಲರ್ ಅನ್ನುವ ಪುಟ್ಟ ಲೋಹದ ಗೂಡಿಗೆ ಸೇರಿಸಿ, ಸುತ್ತ ಪುಟ್ಟಿ ಮೆತ್ತುತ್ತೇವೆ. ಕೂದಲೆಳೆಯಷ್ಟು ಸಂದಿ ಉಳಿದರೂ ದಪ್ಪ ಸ್ವರದ ಸದ್ದು ಸೋರಿಹೋಗಿ ಗ್ರಾಫ್ ಎಡಗಡೆಯಲ್ಲಿ ಕುಸಿದುಬಿಡುತ್ತದೆ. ಆಮೇಲೆ ವಾಲ್ಯೂಮ್ ಪೂರ್ತಿ ಏರಿಸಿ, 90 ಡೆಸಿಬಲ್ ಸದ್ದು ಬಿಡುತ್ತೇವೆ. ಆಗ ಗೂಡಿನೊಳಗೆ ಎಷ್ಟು ಬಂತೋ ಅದೇ ಒಎಸ್‌ಪಿಎಲ್ 90. ಮೆಷಿನ್ ಎಷ್ಟೇ ಕಿರುಚಿದರೂ ಆ ಗೂಡಿನಲ್ಲಿ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಹಾಳೆಯ ಫುಲ್ ಆನ್ ಗೇನ್, ಅಂದರೆ ವಾಲ್ಯೂಮ್ ಪೂರ್ತಿ ಇದ್ದಾಗ ಮೆಷಿನ್ ಸದ್ದನ್ನು ಎಷ್ಟು ಹೆಚ್ಚಿಸುತ್ತದೆ ಅನ್ನುವುದು, ಬೇರೆ ಲೆಕ್ಕ. 50 ಡೆಸಿಬಲ್ ಒಳಗೆ ಹೋಗಿ 105 ಆಚೆ ಬಂದರೆ ಗೇನ್ 55.

ಈಗ ಎರಡು ಅಂಕಿಯ ವಿಷಯ. 124 ಬಂದಿರುವುದು 2 ಸಿಸಿ ಕಪ್ಲರ್‌ನಲ್ಲಿ. ಅದರೊಳಗಿನ ಜಾಗ ಎರಡು ಸಿಸಿ. 1940ರ ದಶಕದಿಂದ ಬಳಕೆಯಲ್ಲಿದೆ, ಮಾಡುವುದು ಸುಲಭ, ಎಲ್ಲಿ ಅಳೆದರೂ ಒಂದೇ ಉತ್ತರ. 133 ಬಂದಿರುವುದು ಇಯರ್ ಸಿಮ್ಯುಲೇಟರ್‌ನಲ್ಲಿ. ಅದರ ಜಾಗ ಸುಮಾರು ಒಂದೂಕಾಲು ಸಿಸಿ, ದೊಡ್ಡವರ ಕಿವಿಗೆ ಹತ್ತಿರ. ಜಾಗ ಕಡಿಮೆ ಆದಷ್ಟೂ ಅದೇ ಸದ್ದಿನ ಒತ್ತಡ ಜಾಸ್ತಿ. ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ಇದು. ಆದ್ದರಿಂದ ಒಂದು ಕಂಪನಿಯ 133ನ್ನು ಇನ್ನೊಂದರ 124ರ ಪಕ್ಕದಲ್ಲಿಟ್ಟು 'ಇದಕ್ಕೆ ಪವರ್ ಜಾಸ್ತಿ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಕಾಲಂನ ತಲೆಬರಹ ನೋಡಿ.

ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲ. ನನ್ನ ಹತ್ತಿರ ಬಂದ ಒಬ್ಬ ಅಜ್ಜ ಮೆಷಿನ್ ಅನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದರೆ ಕಿವಿಗೆ ಹೊಡೆದ ಹಾಗಾಗುತ್ತದೆ ಅಂದರು. ಬಾಕ್ಸ್‌ನಲ್ಲಿಟ್ಟು ನೋಡಿದೆ, ಎಲ್ಲ ಹಾಳೆಯಲ್ಲಿ ಇದ್ದ ಹಾಗೇ ಬಂತು. ಮೆಷಿನ್‌ನಲ್ಲಿ ದೋಷ ಇರಲಿಲ್ಲ. ಆಮೇಲೆ ದಾರದಷ್ಟು ಸಣ್ಣ ಪ್ರೋಬ್ ಟ್ಯೂಬನ್ನು ಕಿವಿಯೊಳಗೆ ತಮಟೆಯ ಹತ್ತಿರಕ್ಕೆ ಇಳಿಸಿ, ಮೇಲೆ ಮೆಷಿನ್ ಹಾಕಿ ಅಳೆದೆ. ಚೂಪು ಸ್ವರಗಳಲ್ಲಿ ಕಪ್ಲರ್‌ಗಿಂತ 9 ಡೆಸಿಬಲ್ ಜಾಸ್ತಿ ಇತ್ತು. ಎಂಪಿಒ, ಅಂದರೆ ಆ ಮೇಲಿನ ಮಿತಿಯನ್ನು ಕೆಳಗಿಳಿಸಿದೆ. ಅಲ್ಲೇ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿದು ತೋರಿಸಿದೆ. ಈ ಸಲ ಮುಖ ಕಿವುಚಲಿಲ್ಲ. ಹಾಕಿಕೊಂಡೇ ಮನೆಗೆ ಹೋದರು. ಮಕ್ಕಳ ಕಿವಿ ಇನ್ನೂ ಚಿಕ್ಕದು, ಅಲ್ವಾ? ಅಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಹಾಗಾಗಿ ಮಕ್ಕಳಿಗೆ ಅಳೆಯದೆ ಮೆಷಿನ್ ಹಾಕಿಸಲೇಬೇಡಿ ಅಂತ ಎಲ್ಲ ತಂದೆ ತಾಯಿಗೂ ಹೇಳುತ್ತೇನೆ.

ಉಳಿದ ಸಾಲುಗಳು ಸುಲಭ. ಈಕ್ವಿವಲೆಂಟ್ ಇನ್‌ಪುಟ್ ನಾಯ್ಸ್ ಅಂದರೆ ಮೆಷಿನ್‌ನದೇ ಒಳಗಿನ ಗುಂಯ್ ಸದ್ದು. ಹಾರ್ಮೋನಿಕ್ ಡಿಸ್ಟಾರ್ಷನ್ ಅಂದರೆ ಕೊಟ್ಟ ಸ್ವರಕ್ಕೆ ಮೆಷಿನ್ ತಾನಾಗಿ ಸೇರಿಸುವ ಬೇರೆ ಸ್ವರಗಳು. ಎರಡೂ ಕಡಿಮೆ ಇದ್ದಷ್ಟು ಒಳ್ಳೆಯದು. ಬ್ಯಾಟರಿ ಕರೆಂಟ್ 1.2 ಮಿಲಿಆಂಪಿಯರ್ ಇದ್ದು, ಸೆಲ್ ಸುಮಾರು 300 ಮಿಲಿಆಂಪಿಯರ್ ಅವರ್‌ನ 13 ಸೈಜ್ ಆಗಿದ್ದರೆ, ದಿನಕ್ಕೆ 12 ಗಂಟೆಯಂತೆ ಇಪ್ಪತ್ತು ದಿನ ಬರುತ್ತದೆ. ಒಂದೇ ವಾರಕ್ಕೆ ಸೆಲ್ ಮುಗಿಯುತ್ತಿದ್ದರೆ ತೋರಿಸಿ.

ಮುಂದಿನ ಸಲ ಹೋದಾಗ 'ರಿಯಲ್ ಇಯರ್ ಮೆಷರ್‌ಮೆಂಟ್ ಮಾಡುತ್ತೀರಾ?' ಅಂತ ಕೇಳಿ. ಆ ಅಜ್ಜನಿಗೆ ಮಾಡಿದ ಹಾಗೆ ಪ್ರೋಬ್ ಟ್ಯೂಬ್ ಇಟ್ಟು ಕಿವಿಯೊಳಗೇ ಅಳೆಯುವುದು. ಹತ್ತಿಪ್ಪತ್ತು ನಿಮಿಷದ ಕೆಲಸ, ನೋವಿಲ್ಲ. ಹೋಗುವ ಮುಂಚೆ ಕಿವಿಯಲ್ಲಿ ಗುಗ್ಗೆ ಇದ್ದರೆ ಡಾಕ್ಟರ್ ಹತ್ತಿರ ತೆಗೆಸಿಕೊಳ್ಳಿ, ಇಲ್ಲದಿದ್ದರೆ ಟ್ಯೂಬಿನ ಬಾಯಿ ಕಟ್ಟಿಕೊಳ್ಳುತ್ತದೆ.