ಸೈಟಿನಲ್ಲಿ ಕ್ಯೂಆರ್ ಕೋಡ್: ಸ್ಕ್ಯಾನ್ ಮಾಡಿದ ಮೇಲೆ ಕಣ್ಣೆತ್ತಿ ನೋಡು

ತಮ್ಮಾ, ಇಂಗ್ಲೆಂಡಿನಲ್ಲಿ ಸೈಟ್ ಎಂಜಿನಿಯರ್ ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯಿತು. "ಅಲ್ಲಿ ಎಲ್ಲದಕ್ಕೂ ಕ್ಯೂಆರ್ ಕೋಡ್ ಅಂತೆ, ಏನು ಕಲಿತು ಬರಲಿ?" ಅಂತ ಕೇಳಿದ್ದೀಯ. ಸ್ಕ್ಯಾನ್ ಮಾಡುವುದರಲ್ಲಿ ಕಲಿಯುವುದೇನಿಲ್ಲ. ಊರಲ್ಲಿ ಸೊಪ್ಪಿನ ಗಾಡಿ ಮುಂದೆ ದಿನಾ ಮಾಡುತ್ತೀಯ ಅಲ್ವಾ? ಆಮೇಲೆ ತೆರೆದುಕೊಳ್ಳುವ ಪುಟವನ್ನು ಓದಬೇಕು, ಅದೇ ಮುಖ್ಯ.

ಗೇಟಿನಲ್ಲಿ ಸಿಎಸ್‌ಸಿಎಸ್ ಕಾರ್ಡ್ ಕೇಳುತ್ತಾರೆ, ಅಂದರೆ ಕಟ್ಟಡ ಕೆಲಸಕ್ಕೆ ಬೇಕಾದ ತರಬೇತಿ, ಅರ್ಹತೆ ಇದೆ ಅಂತ ತೋರಿಸುವ ಕಾರ್ಡ್. ಕಾನೂನಿನಲ್ಲಿ ಕಡ್ಡಾಯ ಇಲ್ಲ, ಆದರೆ ದೊಡ್ಡ ಸೈಟುಗಳಲ್ಲಿ ಅದಿಲ್ಲದೆ ಒಳಗೆ ಬಿಡುವುದು ಕಷ್ಟ. ಅದರ ಸೇಫ್ಟಿ ಪರೀಕ್ಷೆಗೆ ಈಗಲೇ ಓದಿಕೋ.

ಸ್ಕ್ಯಾಫೋಲ್ಡಿಂಗ್, ಅಂದರೆ ಎತ್ತರದ ಕೆಲಸಕ್ಕೆ ಕಟ್ಟುವ ಅಟ್ಟಣಿಗೆ, ಅದರ ಏಣಿಯ ಬುಡದಲ್ಲಿ ಟ್ಯಾಗ್ ನೇತಾಡುತ್ತಿರುತ್ತದೆ. ಎಷ್ಟೋ ಕಡೆ ಈಗ ಅದರ ಮೇಲೂ ಕೋಡ್ ಇದೆ. 2 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಎತ್ತರದಿಂದ ಬೀಳುವ ಅಪಾಯ ಇದ್ದರೆ 7 ದಿನಕ್ಕೊಮ್ಮೆ ತಪಾಸಣೆ ಆಗಲೇಬೇಕು. ಜೋರು ಗಾಳಿ ಬೀಸಿ ಅಲುಗಾಡಿಸಿದ್ದರೆ ಮತ್ತೆ ಮಾಡಬೇಕು. ಯಾರು ನೋಡಿದರು, ಯಾವತ್ತು, ಎಷ್ಟು ಭಾರ ಹೊರುತ್ತದೆ, ಎಲ್ಲ ಫೋನಿನಲ್ಲಿ ಬರುತ್ತದೆ. ಆದರೆ ಕಿಟಕಿ ಕೂರಿಸುವವರು ನಿನ್ನೆ ಸಂಜೆ ಅಡ್ಡ ಬಂತು ಅಂತ ಅಟ್ಟಣಿಗೆಯನ್ನು ಗೋಡೆಗೆ ಬಿಗಿದು ಹಿಡಿಯುವ ಒಂದು ಟೈ ಬಿಚ್ಚಿರಬಹುದು. ಫೋನಿಗೆ ಅದು ಗೊತ್ತಾಗಲ್ಲ. ತಾರೀಖು ಸರಿ ಇದೆ ಅಂತ ಸುಮ್ನೆ ಹತ್ತಬೇಡ, ಮೊದಲು ಸುತ್ತ ನೋಡು. ಅನುಮಾನ ಬಂದರೆ ಹತ್ತಲ್ಲ ಅಂತ ಹೇಳು. ಹೊಸಬ ಅಂತ ಹಿಂಜರಿಯಬೇಡ. ಇಲ್ಲಿ ಹಾಗೆ ಹೇಳುವುದು ನಿನ್ನ ಹಕ್ಕು.

ಭಾರ ಎತ್ತುವ ಸ್ಲಿಂಗ್ (ಭಾರಕ್ಕೆ ಸುತ್ತುವ ಪಟ್ಟಿ), ಚೈನುಗಳಿಗೆ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಪರೀಕ್ಷೆ. ಸ್ಕ್ಯಾನ್ ಮಾಡಿದಾಗ ಅವಧಿ ಮುಗಿದಿದೆ ಅಂತ ಬಂದರೆ ಪಕ್ಕಕ್ಕಿಡು, ಫೋರ್‌ಮನ್ ಎಷ್ಟೇ ಅವಸರ ಮಾಡಲಿ.

ಇನ್ನು ಬೆಂಕಿ ತಡೆಯುವ ಬಾಗಿಲುಗಳು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದ ಬೆಂಕಿಯಲ್ಲಿ 72 ಜನ ಹೋದರು. ಆಮೇಲೆ ಬಂದ ನಿಯಮಗಳಲ್ಲಿ ಒಂದು: 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ, ಎಲ್ಲರೂ ಓಡಾಡುವ ಜಾಗದ ಇಂಥ ಬಾಗಿಲುಗಳನ್ನು 3 ತಿಂಗಳಿಗೊಮ್ಮೆ ನೋಡಬೇಕು. ಅದಕ್ಕೇ ಬಾಗಿಲಿನ ಅಂಚಿಗೂ ಕೋಡ್ ಅಂಟಿಸುತ್ತಾರೆ. ಪೈಪು ಗೋಡೆ ದಾಟುವ ಕಡೆ ಬೆಂಕಿ ದಾಟದಂತೆ ಸಂದು ಮುಚ್ಚಿದ್ದಕ್ಕೂ ಕೋಡ್ ಅಂಟಿಸುತ್ತಾರೆ. ಅಲ್ಲಿ ಫೋಟೊ ತೆಗೆದು ಸೇರಿಸುವ ಕೆಲಸ ನಿನ್ನ ಪಾಲಿಗೆ ಬಂದರೆ, ಸೀಲಿಂಗ್ ಮುಚ್ಚುವ ಮೊದಲೇ ತೆಗೆ. ಸಂದು ಪೂರ್ತಿ ಕಾಣಬೇಕು, ಕೋಡ್ ಕೂಡ ಅದೇ ಫೋಟೊದಲ್ಲಿರಬೇಕು. ಆಮೇಲೆ ಅಲ್ಲಿ ಏನಿದೆ ಅಂತ ನೋಡಬೇಕಾದರೆ ಸೀಲಿಂಗನ್ನೇ ಕೀಳಬೇಕಾಗುತ್ತದೆ.